ಮದುವೆ ಕಾಗದದ ಹಿಂಬದಿ

ನಮ್ಮ ಭಾವನ ಕೈಗೆ ಒಂದು ಮದುವೆಯ ಆಮಂತ್ರಣ ಪತ್ರಿಕೆ ಕೊಟ್ಟು ನೋಡಿ. ನಾವೆಲ್ಲ ಮದುಮಗಳು ಯಾರು, ಊಟ ಯಾವ ಹಾಲ್‌ನಲ್ಲಿ ಎಂದು ನೋಡಿದರೆ, ಇವರು ಅದನ್ನು ಮಗುಚಿ ಹಿಂಬದಿ ಖಾಲಿ ಇದೆಯೇ ಎಂದು ನೋಡುತ್ತಾರೆ. ಖಾಲಿ ಇದ್ದರೆ ಆ ಮದುಮಕ್ಕಳಿಗೆ ಅವರ ಆಶೀರ್ವಾದ ಖಂಡಿತ.

ಭಾವ ಎಂದರೆ ಅಕ್ಕನ ಗಂಡ, ಕಾಪುವಿನಲ್ಲಿ ಹೈಸ್ಕೂಲ್ ಮೇಷ್ಟ್ರು. ನಲವತ್ತು ದಾಟಿದ ಮೇಲೆ, ಸೇತುವೆಗಳು ಬರುವ ಮೊದಲು ನಮ್ಮ ಹೊಳೆಗಳಲ್ಲಿದ್ದ ದೋಣಿ ಕಡವುಗಳ ಬಗ್ಗೆ ಪಿಎಚ್‌ಡಿ ಮಾಡುತ್ತೇನೆಂದು ಹೊರಟರು. ಓದಿದ್ದರಲ್ಲಿ ಬೇಕಾದ್ದನ್ನು ಆಮಂತ್ರಣ ಪತ್ರಿಕೆಯ ಹಿಂದೆ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುವುದು ಅವರ ಪದ್ಧತಿ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಕಾರ್ಕಳದ ನೆಂಟರಿಗೆ ಹಂಚಲು ಭಾವನ ಕೈಗೆ ನೂರು ಪತ್ರಿಕೆ ಕೊಟ್ಟಿದ್ದೆ. ಮದುವೆಗೆ ನಾಲ್ಕು ದಿನ ಇರುವಾಗ ಅವರ ಮನೆಗೆ ಹೋದರೆ, ಮೇಜಿನ ಮೇಲೆ ಕತ್ತರಿ. ಪಕ್ಕದಲ್ಲಿ ನನ್ನ ಮದುವೆ ಎರಡು ತುಂಡಾಗಿ ಬಿದ್ದಿದೆ! ನನ್ನ ಹೆಸರು ಒಂದರಲ್ಲಿ, ಹುಡುಗಿಯ ಹೆಸರು ಇನ್ನೊಂದರಲ್ಲಿ.

“ಭಾವ, ಇದೆಂತ ಮಾಡಿದ್ದು?”

“ಕಾರ್ಕಳದವರಿಗೆ ಫೋನಿನಲ್ಲಿ ಹೇಳಿದರೆ ಸಾಕು ಮಾರಾಯ. ನಿನ್ನದು ಒಳ್ಳೆ ಕಾಗದ, ಇಂಕು ಸ್ವಲ್ಪವೂ ಹರಡುವುದಿಲ್ಲ.”

ಫೋನು ಮಾಡಿದವನು ನಾನು. ಕಾರ್ಕಳದ ಚಿಕ್ಕಮ್ಮ ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಆದರೆ ನಾನು ನಿಜವಾಗಿ ಹೌಹಾರಿದ್ದು ಮಣಿಪಾಲದಲ್ಲಿ. ಪ್ರಬಂಧ ಒಪ್ಪಿಸಲು ಆರು ವಾರ ಉಳಿದಿತ್ತು. ತಪ್ಪಿದರೆ ನೋಂದಣಿಯೇ ರದ್ದು. ನಾಲ್ಕು ಡಬ್ಬಿ ಹೊತ್ತುಕೊಂಡು ನಾವಿಬ್ಬರೂ ಅವರ ಮಾರ್ಗದರ್ಶಕರ ಮನೆಗೆ ಹೋದೆವು. ಅವರು ಒಂದು ಚೀಟಿ ಎತ್ತಿ, “ಇದು ಯಾವ ಪುಸ್ತಕದ್ದು? ಪುಟ ಎಷ್ಟು?” ಎಂದು ಕೇಳಿದರು.

ಭಾವ ಚೀಟಿಯನ್ನು ಮಗುಚಿ ನೋಡಿ, “ಇದು ಇನ್ನಂಜೆ ಊರಿನ ಮದುವೆ. ಆಗ ನಾನು ಗೆಜೆಟಿಯರ್ ಓದುತ್ತಿದ್ದೆ ಸರ್” ಎಂದರು.

“ಹಾಗಾದರೆ ಅಡಿಟಿಪ್ಪಣಿಯಲ್ಲಿ ಮದುಮಕ್ಕಳ ಹೆಸರು ಹಾಕುವುದಾ?”

ಐದು ವರ್ಷದ ಓದು. ಮೂರು ಡಬ್ಬಿ ಮಗುಚಿದರೂ ಒಂದು ಚೀಟಿಯಲ್ಲೂ ಪುಸ್ತಕದ ಹೆಸರಿಲ್ಲ, ಪುಟವಿಲ್ಲ! ಮಕ್ಕಳಿಗೆ ಉತ್ತರಪತ್ರಿಕೆಯಲ್ಲಿ ಪ್ರಶ್ನೆಯ ನಂಬರು ಬರೆಯದಿದ್ದರೆ ಅಂಕ ಕಳೆಯುವ ಮೇಷ್ಟ್ರು ಇವರೇ ಅಲ್ಲವೇ?

ಮಾರ್ಗದರ್ಶಕರು ಕೊನೆಯ ಡಬ್ಬಿ ತೆರೆದರು. ಅದರ ಚೀಟಿಗಳಲ್ಲಿ ದುಂಡಗಿನ ಬೇರೆ ಅಕ್ಷರ. ಮೇಲಿನ ಮೂಲೆಯಲ್ಲಿ ಪುಸ್ತಕ, ಬರೆದವರ ಹೆಸರು, ಪುಟ, ಎಲ್ಲ ಇತ್ತು.

“ಇದು ಸರಿ ಉಂಟಲ್ಲ. ಯಾರು ಬರೆದದ್ದು?”

ಅದು ಅಕ್ಕನ ಅಕ್ಷರ. ಭಾವನ ಕಣ್ಣಿನ ಆಪರೇಷನ್ ಆದಾಗ ಎರಡು ತಿಂಗಳು ಅಕ್ಕನೇ ಓದಿ ಹೇಳಿ, ಅವರು ಬೇಕೆಂದದ್ದನ್ನು ಬರೆದಿಟ್ಟಿದ್ದಳು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು.

ಮನೆಗೆ ಬಂದು ಭಾವ ಅಕ್ಕನನ್ನು ಕೇಳಿದರು, “ಪುಟದ ನಂಬರು ಬರೆಯಲು ನಿನಗೆ ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ. ಕಣ್ಣು ಸರಿಯಾದ ಮೇಲೆ ನಿಮಗೇ ಓದಬೇಕು ಅಂತ ಆಗ್ತದೆ ಅಲ್ವಾ? ಹುಡುಕಲಿಕ್ಕೆ ಕಷ್ಟ ಆಗುವುದು ಬೇಡ ಅಂತ.”

ಮರುದಿನವೇ ಭಾವ ರಜೆ ಹಾಕಿದರು. ಆರು ವಾರ ಗಂಡ ಹೆಂಡತಿ ಇಬ್ಬರೂ ಉಡುಪಿಯ ಗ್ರಂಥಾಲಯದಲ್ಲಿ ಕೂತು ಎಲ್ಲ ಪುಸ್ತಕಗಳನ್ನೂ ಮತ್ತೆ ತೆರೆದರು. ಪ್ರಬಂಧ ಸಮಯಕ್ಕೆ ಸರಿಯಾಗಿ ಹೋಯಿತು. ಆ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಗ್ರಂಥಾಲಯಕ್ಕೆ ಊಟ ತೆಗೆದುಕೊಂಡು ಹೋಗಿದ್ದೆ. ಅಕ್ಕ ಸಾಲಿನ ಮೇಲೆ ಬೆರಳಿಟ್ಟು ಪುಟ ಹೇಳುತ್ತಿದ್ದಳು. ಭಾವ ತಲೆ ತಗ್ಗಿಸಿ, ಹೊಸದಾಗಿ ಶಾಲೆಗೆ ಸೇರಿದವರ ಹಾಗೆ ಬರೆದುಕೊಳ್ಳುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು. ಬುತ್ತಿ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.