ನಾಲ್ಕರಾಗ ಒಂದು ಬರೋಬರ್

ಇಂಗ್ಲಿಷ್ ವ್ಯಾಕರಣ ಕಲಿಸೋದು ಆರಾಮಿನ ಕೆಲಸ ಅಂತ ಯಾರರ ಅಂದ್ರ, ನಾಗಪುರಕ್ಕ ಬಂದು ಲಕ್ಷ್ಮೀ ನಗರದ ನಮ್ಮ ಪಡಸಾಲ್ಯಾಗ ಒಂದಿನ ಕೂಡ್ರಿ ಅಂತೀನಿ. ನಾಲ್ಕು ವಾಕ್ಯ ಕೊಟ್ಟಿರ್ತಾರ, ಸರಿ ಇದ್ದದ್ದಕ್ಕ ಗುರುತು ಹಾಕೋದು. ಇಷ್ಟ. ಇಷ್ಟಕ್ಕ ನನ್ನ ಎದಿ ಎಷ್ಟು ಸಲ ಧಸಕ್ ಅಂದೈತೋ ದೇವರಿಗೇ ಗೊತ್ತು.

೧. ಉದ್ದಂದು

ಹುಬ್ಬಳ್ಳಿ ಕಡೀಂದ ವರ್ಗ ಆಗಿ ಬಂದ ಒಬ್ಬ ರೈಲ್ವೆ ಅಸಿಸ್ಟಂಟ್ ಡ್ರೈವರ್ ಕ್ಲಾಸಿಗೆ ಸೇರಿದ. ಇಲಾಖೆ ಪರೀಕ್ಷೆ ಪಾಸಾದ್ರ ಇಂಜಿನ್ ಇಳಿದು ಆಫೀಸಿನ್ಯಾಗ ಕುರ್ಚಿ ಸಿಗತೈತಿ. ಆಗಲೇ ಎರಡು ಸಲ ಡುಮ್ಕಿ ಹೊಡದಿದ್ದ. ಇದ ಕಡೀ ಅವಕಾಶ.

ಮೊದಲನೇ ದಿನ ಹತ್ತು ಪ್ರಶ್ನೆ ಕೊಟ್ಟೆ. ಹತ್ತೂ ತಪ್ಪು! ಕಣ್ಣು ಮುಚ್ಚಿ ಹಾಕಿದ್ರೂ ಎರಡರ ಸರಿ ಬರಬೇಕಲ್ರಿ?

"ಏನ್ ನೋಡಿ ಗುರುತು ಹಾಕಿದ್ಯೋ ತಮ್ಮಾ?"

"ಎಲ್ಲಾಕ್ಕಿಂತ ಉದ್ದಂದಕ್ಕ ಹಾಕೇನ್ರಿ ಟೀಚರ್," ಅಂದ. "ಪಾಪ, ಅಷ್ಟು ಕಷ್ಟಪಟ್ಟು ಬರದಾರ. ತಪ್ಪಿರ್ತೈತೇನ್ರಿ?"

೨. ಕಾಕಾ

ಮುಂದಿನ ವಾರ ಅವನ ಹೆಂಡತಿ ಬಂದ್ಲು. "ಅಕ್ಕಾರ, ಹೆಂಗರ ಮಾಡಿ ಪಾಸ್ ಮಾಡಸ್ರಿ. ಇವ್ರು ಮನಿಗೆ ಬರೋದ ಅಪರೂಪ. ಬಂದ್ರೂ ಮಲಗಿಬಿಡ್ತಾರ."

"ಡ್ರೈವರ್ ಮಂದಿ ಮನ್ಯಾಗೆಲ್ಲಾ ಹಂಗ ಅಲ್ಲೇನವಾ?" ಅಂದೆ.

"ನಿನ್ನೆ ಸಣ್ಣ ಮಗಳು ಇವ್ರಿಗೆ ನೀರು ಕೊಟ್ಟು ಬಂದು ನನ್ನ ಕಿವ್ಯಾಗ ಕೇಳಿದ್ಲ್ರಿ, 'ಅವ್ವಾ, ಈ ಕಾಕಾ ಊಟ ಮಾಡ್ಕೊಂಡ ಹೋಗ್ತಾನೇನು?' ಅಂತ."

ಅವತ್ತಿಂದ, ಡ್ಯೂಟಿ ಇಲ್ಲದ ದಿನ ಎಲ್ಲಾ ಅವನ್ನ ತಾಸು ಹೆಚ್ಚಿಗಿ ಕೂಡಿಸಿ ಪಾಠ ಅರದು ಕುಡಿಸಿದೆ. ಮಗಳ ಕಡೀಂದ ಅಪ್ಪ ಅನ್ನಿಸ್ಕೊಳ್ಳಾಕ ಇಂಗ್ಲಿಷ್ ವ್ಯಾಕರಣ ಕಲಿಯೋ ಮನುಷ್ಯಾನ್ನ ನಾ ಕಂಡದ್ದು ಇವನೊಬ್ಬನ್ನ!

೩. ಸಿಗ್ನಲ್

ಪರೀಕ್ಷೆ ಮುಗಿದ ಮ್ಯಾಲ ಆಸಾಮಿ ಮಾರಿನ ತೋರಿಸ್ಲಿಲ್ಲ. ರಿಸಲ್ಟ್ ಬಂದ ದಿನ ಬಂದು ಬಾಗಲಾಗ ನಿಂತ.

"ಏನಾತೋ?"

"ಅದಕ್ಕೂ ಮೊದಲು ಪರೀಕ್ಷಾ ಹಾಲ್‌ನ್ಯಾಗ ಆದದ್ದು ಕೇಳ್ರಿ," ಅಂದ.

ರೈಲಿನ ಇಂಜಿನ್ನ್ಯಾಗ ಒಂದು ಪದ್ಧತಿ ಐತಿ. ಸಿಗ್ನಲ್ ಕಂಡ ಕೂಡ್ಲೆ ಒಬ್ಬ ಕೈ ಎತ್ತಿ ಅದು ಹಸಿರೋ ಕೆಂಪೋ ಕೂಗಿ ಹೇಳಬೇಕು, ಜೊತಿಗಿದ್ದವ ಅದನ್ನ ಹೊಳ್ಳಿ ಕೂಗಬೇಕು. ವರ್ಷಾನುಗಟ್ಟಲೆ ಮಾಡಿ ಮಾಡಿ ಅದು ಮೈಗೆ ಹತ್ತಿಬಿಟ್ಟಿರ್ತೈತಿ.

ಪರೀಕ್ಷಾ ಹಾಲ್ ಪೂರಾ ಗಪ್‌ಚುಪ್. ಇವ ಒಂದನೇ ಪ್ರಶ್ನೆ ಓದಿದ. ಸರಿ ವಾಕ್ಯ ಕಂಡಿತು. ಕೈ ತಾನ ಮ್ಯಾಲ ಹೋತು, "ಎರಡನೇದು ಬರೋಬರ್!"

ಹಾಲ್ ತುಂಬ ಇವನಂಥ ಡ್ರೈವರ್ ಮಂದಿನ. ಹಿಂದಿನ ಸಾಲಿಗೆ ಸಾಲ ಕೈ ಎತ್ತಿ ಕೂಗಿತು, "ಎರಡನೇದು ಬರೋಬರ್!"

"ಅಯ್ಯೋ ನಿನ್ನ!" ಅಂದೆ ನಾನು.

ಸೂಪರ್‌ವೈಜರ್ ಓಡಿ ಬಂದ್ರಂತ. "ಇನ್ನೊಮ್ಮೆ ಬಾಯಿ ಬಿಟ್ರ ಪೇಪರ್ ಕಸಗೊಂಡು ಹೊರಗ ಹಾಕ್ತೀನಿ" ಅಂತ ಬೈದು, ತಮ್ಮ ಟೇಬಲ್ ಮುಂದ ಕೂಡಿಸ್ಕೊಂಡ್ರಂತ. ಇವ ನಾಲಿಗಿ ಕಚ್ಚಿ ಹಿಡಕೊಂಡು ಎರಡನೇ ಪ್ರಶ್ನೆ ಓದಿದ. ಹಾಳಾದ ಕೈ ಮತ್ತ ಎದ್ದ ಬಿಡ್ತು, "ಮೂರನೇದು ಬರೋಬರ್!"

"ಮುಗೀತು! ಹೊರಗ ಹಾಕಿದ್ರಿಲ್ಲೋ?" ಅಂದೆ ನಾ.

"ಹೆಂಗ ಹಾಕ್ತಾರ್ರಿ? ಅವರೂ ಹಳೇ ಡ್ರೈವರ. ಕೈ ಎತ್ತಿ 'ಮೂರನೇದು ಬರೋಬರ್' ಅಂದ ಬಿಟ್ರು! ಆಮ್ಯಾಲ ಎರಡೂ ಕೈಲೆ ಬಾಯಿ ಮುಚ್ಚಿಕೊಂಡು ಹೋಗಿ ಹೊರಗ ನಿಂತ್ರು."

"ಅದಿರ್ಲೋ! ಪಾಸೋ ಫೇಲೋ?"

"ಪಾಸ್ ರಿ ಟೀಚರ್! ಸೋಮವಾರದಿಂದ ಆಫೀಸು." ಮುಖ ಅರಳಿತು. ಆಮ್ಯಾಲ ಮೆಲ್ಲಕ ಅಂದ, "ಸರಿ ಉತ್ತರದ ಪಟ್ಟಿ ಬಂದಾಗ ನೋಡಿದೆ. ಆ 'ಮೂರನೇದು ಬರೋಬರ್' ಮಾತ್ರ ನಂದೂ ತಪ್ಪು, ಸಾಹೇಬ್ರದೂ ತಪ್ಪು!"