ಅಂಗೈಗೆ ಹಾಕಿದ ತೊಡೆಯ ಚರ್ಮ

ಆಸ್ಪತ್ರೆಯಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ನಗುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ, ಅಷ್ಟೆ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ನಾನು ಭದ್ರಾವತಿಯ ಹಳೇ ಊರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಕಂಪೌಂಡರ್ ಆಗಿದ್ದೆ. ಅವರು ಯುದ್ಧದ ಆಸ್ಪತ್ರೆಯಲ್ಲಿ ಒಂದು ವಿದ್ಯೆ ಕಲಿತು ಬಂದಿದ್ದರು: ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಸುಟ್ಟ ಜಾಗಕ್ಕೆ ಕೂರಿಸುವುದು. ನಮ್ಮ ಸೆಖೆಯಲ್ಲಿ, ನಮ್ಮ ಜನರ ಮೈಗೆ ಅದು ಹೇಗೆ ಹತ್ತುತ್ತದೆ ಎಂದು ಸಂಶೋಧನೆ ನಡೆಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ನಮ್ಮಲ್ಲಿದ್ದದ್ದು ಎರಡೇ ಹಾಸಿಗೆ. ಒಂದು ಕೈ ಸರಿಮಾಡಿ ತೋರಿಸಿ, ಸುಟ್ಟ ಗಾಯದವರಿಗೆಂದೇ ಒಂದು ವಾರ್ಡು ಕೊಡಿಸುತ್ತೇನೆ ಎಂದು ಬೆಂಗಳೂರಿನ ದೊಡ್ಡ ಸರ್ಜನ್ ಒಬ್ಬರು ಮಾತು ಕೊಟ್ಟಿದ್ದರು. ಆ ಒಂದು ಕೈ ನಮಗೆ ಸಿಕ್ಕಿತು. ನಮ್ಮ ಗ್ರಹಚಾರ.

೧

ಕೈ ಒಬ್ಬ ಎರಕದ ಕೆಲಸಗಾರನದು. ಕಾದ ಕಬ್ಬಿಣ ಬಿದ್ದು ಬಲ ಅಂಗೈ ಸುಟ್ಟಿತ್ತು. ಮಾಯುವಾಗ ಬೆರಳೆಲ್ಲ ಒಳಕ್ಕೆ ಮಡಚಿಕೊಂಡಿದ್ದವು. ಡಾಕ್ಟರು ಕೊಯ್ದು ಬಿಡಿಸಿ, ತೊಡೆಯ ಚರ್ಮ ಹಾಕಿ, ಹತ್ತು ದಿನ ಕಟ್ಟು ಬಿಚ್ಚಕೂಡದೆಂದು ಹೇಳಿ ಮನೆಗೆ ಕಳಿಸಿದರು. ಹತ್ತನೇ ದಿನ ಚರ್ಮ ಬಟ್ಟೆಯ ಜೊತೆಗೇ ಎದ್ದು ಬಂತು. ನೋಡಲು ಬಂದವರಿಗೆ ಬಿಚ್ಚಿ ತೋರಿಸಿ, ಮತ್ತೆ ಕಟ್ಟಿಕೊಂಡಿದ್ದನಂತೆ. ಕಂಡಕಂಡವರಿಗೆಲ್ಲ ತೋರಿಸಿದೆಯಾ ಎಂದು ನಾನು ರೇಗಿದೆ. ಅವನಿಗೆ ಬೇಜಾರಾಯಿತು.

"ಇಲ್ಲಿಯೋರಿಗೆ ಯಾರಿಗೂ ತೋರಿಸ್ಲಿಲ್ಲ ಸ್ವಾಮಿ. ಶಿವಮೊಗ್ಗದಿಂದ ರೈಲು ಹತ್ತಿ ಬಂದೋರನ್ನ ಸುಮ್ನೆ ಹೆಂಗೆ ಕಳಿಸ್ಲಿ?"

೨

ಗಾಯ ಆರಿದ ಮೇಲೆ ಇನ್ನೊಂದು ತೊಡೆಯಿಂದ ಚರ್ಮ ತೆಗೆದದ್ದಾಯಿತು. ಈ ಸಲ ಕೈಗೆ ಹಲಗೆ ಕೊಟ್ಟು ನಾನೇ ಗಂಟು ಹಾಕಿದೆ. ಬಿಚ್ಚಿದರೆ ಕೈ ಹೋಯಿತೆಂದೇ ತಿಳಿಯಿರಿ ಎಂದು ಅವನ ತಾಯಿಯನ್ನೂ ಹೆದರಿಸಿದೆ. ಹತ್ತನೇ ದಿನ ನೋಡಿದರೆ ಗಂಟು ಹಾಕಿದ ಹಾಗೇ ಇತ್ತು. ಡಾಕ್ಟರು ನಕ್ಕದ್ದನ್ನು ಅವತ್ತೇ ನಾನು ಮೊದಲು ಕಂಡದ್ದು. ಕತ್ತರಿ ಹಾಕಿದ್ದೇ ತಡ, ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು, ಚರ್ಮ ಕೆನೆಯ ಹಾಗೆ ಜಾರಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನಮ್ಮ ಸಂಶೋಧನೆ. ಡಾಕ್ಟರು ಸ್ಟೂಲಿನ ಮೇಲೆ ಕೂತುಬಿಟ್ಟರು. ನನಗೆ ಅಳು ಬಂತು.

ತಾಯಿ ಮಾತ್ರ ಧೈರ್ಯವಾಗಿ ನಿಂತಿದ್ದಳು. "ಬಿಚ್ಬೇಡಿ ಅಂದ್ರಿ, ಒಂದೆಳೆ ನೂಲೂ ಮುಟ್ಟಿಲ್ಲ. ತಂಪಾಗ್ಲಿ ಅಂತ ದಿನಾ ಮೇಲಿಂದ್ಲೇ ಹೊಯ್ದೆ."

೩

ಮೊದಲಿನ ತೊಡೆ ಮಾಯ್ದಿತ್ತು; ಮೂರನೇ ಸಲ ಅಲ್ಲಿಂದಲೇ ಚರ್ಮ ತೆಗೆದು ಹಾಕಿದ ಮೇಲೆ ಅವನನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ನೆಂಟರನ್ನು ಬಾಗಿಲಲ್ಲೇ ತಡೆದೆ, ತಾಯಿಯನ್ನು ಶಿವಮೊಗ್ಗದಲ್ಲಿದ್ದ ಮಗಳ ಮನೆಗೆ ಸಾಗಹಾಕಿದೆ. ಚರ್ಮ ಹತ್ತಿತು. ಎರಡು ತಿಂಗಳಲ್ಲಿ ಬೆರಳು ಬಿಟ್ಟವು, ತುಂಬಿದ ಚೊಂಬು ಎತ್ತತೊಡಗಿದ. ಡಾಕ್ಟರು ಬೆಂಗಳೂರಿಗೆ ಕಾಗದ ಬರೆದರು.

ದೊಡ್ಡ ಸರ್ಜನ್ ಕಾರಿನಲ್ಲಿ ಬಂದರು. ನೋಟ್‌ಬುಕ್ಕನ್ನು ಕೊನೆಯವರೆಗೂ ಓದಿ ತಲೆದೂಗಿದರು. ಆಮೇಲೆ ಕೈ ಕುಲುಕಲು ತಮ್ಮ ಕೈಯನ್ನೇ ಅವನ ಮುಂದೆ ಚಾಚಿದರು. ಅವನು ಹಿಂದಕ್ಕೆ ಸರಿದು ಬಲಗೈ ಮುಷ್ಟಿ ಬಿಗಿದ. ಡಾಕ್ಟರು ಗದರಿದರು, ನಾನು ಬೇಡಿಕೊಂಡೆ. ಸರ್ಜನ್ ತಾವೇ ಬೆರಳು ಬಿಡಿಸಲು ಹೋದರೆ ಅವನು ಬೆವರುತ್ತಾ ಇನ್ನೂ ಬಿಗಿಹಿಡಿದ. ಬೆಳಿಗ್ಗೆ ಚೊಂಬು ಎತ್ತಿದ್ದ ಎಂದು ನಮ್ಮ ಡಾಕ್ಟರು ಹೇಳಿದ್ದಕ್ಕೆ ಅವರು ಮರುಕದಿಂದ ನಕ್ಕರು. ಬೆರಳು ಬಿಡುವುದಿಲ್ಲ, ವಾರ್ಡು ಅನಾವಶ್ಯಕ ಎಂದು ನಮ್ಮೆದುರೇ ಬರೆದುಕೊಂಡು ಹೊರಟುಹೋದರು.

ಕಾರಿನ ಸದ್ದು ಅಡಗಿದ ಮೇಲೆ ಡಾಕ್ಟರು ಸಣ್ಣ ದನಿಯಲ್ಲಿ, ಯಾಕಪ್ಪಾ ಹೀಗೆ ಮಾಡಿದೆ ಎಂದು ಕೇಳಿದರು.

"ಇದು ಕಾಲಿನ ಚರ್ಮ ಅಲ್ವಾ ಸ್ವಾಮಿ. ಅಷ್ಟು ದೊಡ್ಡೋರಿಗೆ ಕಾಲು ತಾಗಿಸಿದಂಗೆ ಆಗ್ತಿತ್ತು," ಎಂದ. "ನಿಮ್ಗೆ ದಿನಾ ತಾಗಿಸ್ತಿದ್ದೆ, ತಪ್ಪಾಯ್ತು."

ಹಾಗೆಂದು ಎರಡೂ ಕೈ ಜೋಡಿಸಿ ಮುಗಿದ. ಬಲಗೈಯ ಐದೂ ಬೆರಳು ನೆಟ್ಟಗೆ ನಿಂತಿದ್ದವು.