ಹೆಸರು ಕತ್ತರಿಸಿದ ಗುಳಿಗೆ

ಬೇರೆಯವರಿಗೆ ಬುದ್ಧಿ ಹೇಳುವ ಅವಕಾಶ ಸಿಕ್ಕರೆ ಮನುಷ್ಯ ಒಂದು ಸುತ್ತು ದಪ್ಪಗಾಗುತ್ತಾನೆ. ರಾಯದುರ್ಗದಲ್ಲಿ ಇಪ್ಪತ್ತು ವರ್ಷದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ನಾನೂ ಆದೆ. ಹೈದರಾಬಾದಿನಲ್ಲಿ ಫಾರ್ಮಸಿಸ್ಟರ ರಾಷ್ಟ್ರೀಯ ಸಮ್ಮೇಳನ. ಅಲ್ಲಿ ನನ್ನದು ಐದು ನಿಮಿಷದ ಭಾಷಣ. ವಿಷಯ, ಹೆಸರು ಓದಿಕೊಂಡೇ ಗುಳಿಗೆ ನುಂಗುವಂತೆ ಗಿರಾಕಿಗಳಿಗೆ ಕಲಿಸುವುದು ಹೇಗೆ. ಹೊಸ ಅಂಗಿ ಹೊಲಿಸಿದೆ. ಊರ ತುಂಬ ಜೀನ್ಸ್ ಹೊಲಿಯುವವರಿದ್ದರೂ ಬಿಳಿ ಅಂಗಿ ಹೊಲಿಯುವವರನ್ನು ಹುಡುಕಲು ಎರಡು ದಿನ ಹಿಡಿಯಿತು.

ಸಮ್ಮೇಳನದ ಮೊದಲ ದಿನದ ಊಟವೇ ನನಗೆ ಕೈ ಕೊಟ್ಟಿತು. ಮರುದಿನ ನನ್ನ ಸರದಿಗೆ ಇನ್ನು ಕಾಲು ಗಂಟೆ ಇದೆ ಎನ್ನುವಾಗ ನಾಲ್ಕನೆಯ ಸಲ ಶೌಚಾಲಯಕ್ಕೆ ಓಡಿ ಹೋಗಿ ಬಂದು ಸಭಾಂಗಣದಲ್ಲಿ ಕೂತಿದ್ದೆ. ಪಕ್ಕದಲ್ಲಿ ಮಡಕಶಿರಾದ ನಾಗಣ್ಣ. ಅವನದೂ ಮೆಡಿಕಲ್ ಶಾಪೇ. “ಭೇದಿ ನಿಲ್ಲೋ ಗುಳಿಗಿ ಐತೇನಪ್ಪ?” ಎಂದೆ.

“ನನ್ನತ್ರ ಎಲ್ಲೈತಣ್ಣ? ಇಷ್ಟು ಜನ ಸೇರವ್ರೆ, ವಿಸಿಟಿಂಗ್ ಕಾರ್ಡ್ ಕೇಳು, ಕಂತೆಗಟ್ಲೆ ಕೊಡ್ತಾರೆ. ಗುಳಿಗೆ ಮಾತ್ರ ಒಬ್ರೂ ತಂದಿಲ್ಲ.”

ಹೊರಡುವಾಗ ಹೆಂಡತಿ ಚೀಲದಲ್ಲಿ ಒಂದು ಕವರ್ ಇಟ್ಟದ್ದು ನೆನಪಾಯಿತು. ತೆಗೆದು ನೋಡಿದೆ. ಪಟ್ಟಿಯಿಂದ ಕತ್ತರಿಸಿದ, ಎರಡೆರಡು ಗುಳಿಗೆಯ ಆರು ತುಂಡುಗಳು. ಒಂದರ ಮೇಲೂ ಹೆಸರಿಲ್ಲ, ತಾರೀಖಿಲ್ಲ. ತಕ್ಷಣ ಫೋನ್ ಹಚ್ಚಿದೆ.

“ಏನ ಇದು, ಯಾವುದಕ್ಕ ಯಾವ ಗುಳಿಗಿ?”

“ಭೇದಿದು, ಜ್ವರದ್ದು, ನಿಮ್ಮ ಬಿಪಿದು, ಎಲ್ಲಾ ಅದಾವ್ರಿ.”

“ಹೆಸರೆಲ್ಲ ಕತ್ತರಿಸಿ ಇಟ್ಟೀಯಲ್ಲ!”

“ನಾ ಯಾಕ ಕತ್ತರಿಸ್ಲಿ? ಕೌಂಟರ್ ಡಬ್ಬ್ಯಾಗ ನೀವ ಕತ್ತರಿಸಿ ಉಳಿಸಿದ್ವು. ಜೀನ್ಸ್ ಹೊಲಿಯೋರಿಗೆ ದಿನಾ ಅವನ್ನ ಕೊಡ್ತೀರಲ್ರಿ, ಅವರೇನು ಹೆಸರು ಕೇಳ್ತಾರ?”

ಎರಡು ಕೇಳಿದವರಿಗೆ ಎರಡೇ ಕತ್ತರಿಸಿ ಕೊಡುವುದು ನಮ್ಮ ಅಂಗಡಿಯ ಪದ್ಧತಿ. ಕತ್ತರಿ ಹೆಸರಿರುವ ಕಡೆಯಿಂದ ಬಂತೋ ಹೆಸರಿಲ್ಲದ ಕಡೆಯಿಂದ ಬಂತೋ ಎಂದು ನಾನೆಂದೂ ನೋಡಿದವನಲ್ಲ. ಗುಮ್ಮಘಟ್ಟದ ಕಡೆಯಿಂದ ಹೊಲಿಗೆಗೆ ಬಂದವರು ಸೊಂಟ ಹಿಡಿದುಕೊಂಡು ಬರುತ್ತಾರೆ, ನನ್ನ ಮುಖ ನೋಡುತ್ತಾರೆ, ಅಲ್ಲೇ ನೀರು ಇಸಿದುಕೊಂಡು ನುಂಗಿ ಮತ್ತೆ ಮಿಷನ್ನಿಗೆ ಹೋಗಿ ಕೂರುತ್ತಾರೆ.

ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನಾಗಣ್ಣ ನೀರಿನ ಬಾಟಲಿ ಕೈಗಿಟ್ಟು, “ಯಾವುದಾದ್ರೂ ಒಂದು ನುಂಗಿಬಿಡಣ್ಣ, ನಿನ್ನ ಅಂಗಡೀದೇ ಅಲ್ವಾ?” ಎಂದ.

ಬಿಳಿಯದೊಂದನ್ನು ತುಟಿಯವರೆಗೂ ತಂದೆ. ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ವೇದಿಕೆಯ ಬದಲು ಶೌಚಾಲಯದ ಬಾಗಿಲಿನತ್ತ ಓಡಿದೆ. ನನ್ನ ಗಿರಾಕಿಗಳಿಗೆ ನನ್ನ ಮೇಲಿರುವ ನಂಬಿಕೆಯಲ್ಲಿ ಕಾಲು ಭಾಗವೂ ನನಗಿಲ್ಲವೆಂದು ಗೊತ್ತಾದದ್ದು ಆಗಲೇ.